ನಮ್ಮ ಜೀಪಿನ ಕೀಲುನೋವು



ಈ ಸಲದ ಗೋಡೆ ಪತ್ರಿಕೆಗೆ ಹತ್ತನೇ ತರಗತಿಯವರೆಲ್ಲ ಏನಾದರೂ ಬರೆದು ಕೊಡಲೇಬೇಕು ಎಂದು ಕನ್ನಡ ಮೇಷ್ಟ್ರು ಹೇಳಿದಾಗ ನನಗೆ ಏನು ಬರೆಯಬೇಕೆಂದು ತೋಚಲಿಲ್ಲ. ಮಲೆನಾಡಿನ ಮಳೆಗಾಲ ಎಂದು ಬರೆಯೋಣವೆಂದರೆ ಆಗಲೇ ಮೂವರು ಅದನ್ನೇ ಬರೆದು ಕೊಟ್ಟಾಗಿತ್ತು. ಪಕ್ಕದಲ್ಲಿ ಕುಳಿತ ಗೆಳತಿ, "ನಿಮ್ಮ ಮನೆ ಜೀಪಿನ ಕಥೆ ಬರಿಯೇ, ಎರಡು ದಿನ ನಮ್ಮನ್ನ ಮಳೇಲಿ ನಡೆಸಿದ್ರಲ್ಲ" ಎಂದು ಚುಚ್ಚಿದಳು. ಅವಳು ತಮಾಷೆಗೆ ಹೇಳಿದ್ದು. ಆದರೆ ನನಗೆ ಅದೇ ಸರಿ ಎನ್ನಿಸಿತು. 2025ರ ಜುಲೈ ತಿಂಗಳಲ್ಲಿ ಎರಡು ದಿನ ನಮ್ಮ ಜೀಪು ಯಾಕೆ ಬರಲಿಲ್ಲ ಎಂದು ಅದರಲ್ಲಿ ಬರುವ ಏಳು ಜನ ಮಕ್ಕಳಿಗೂ ನಾನು ಹೇಳಬೇಕಾಗಿತ್ತು. ಆಗ ಹೇಳಿದರೆ ಮನೆಯವರು ಹೆದರುತ್ತಾರೆಂದು ಸುಮ್ಮನಿದ್ದೆ. ಈಗ ಹೇಳುತ್ತೇನೆ.

ನಮ್ಮ ಮನೆ ಇರುವುದು ಕಳಸದಿಂದ ಕುದುರೆಮುಖದ ಕಡೆ ಹೋಗುವ ಟಾರು ರಸ್ತೆ ಬಿಟ್ಟು 5 ಕಿ.ಮೀ. ಒಳಗೆ. ಆ ದಾರಿ ಹೇಗಿದೆ ಎಂದು ನಿಮಗೆಲ್ಲ ಗೊತ್ತು. ಕಲ್ಲು, ಕೊರಕಲು, ಎರಡು ಕಡೆ ಹಳ್ಳ ದಾಟಬೇಕು. ನನ್ನ ಅಪ್ಪ ಬೆಳಿಗ್ಗೆ ನಮ್ಮನ್ನು ಶಾಲೆಗೆ ಬಿಟ್ಟು, ಆಮೇಲೆ ತೋಟಗಳಿಗೆ ಗೊಬ್ಬರ, ಆಳು, ಸಾಮಾನು ಸಾಗಿಸುತ್ತಾರೆ. ಶನಿವಾರ ಭಾನುವಾರ ಬೆಂಗಳೂರಿನಿಂದ ಗುಡ್ಡ ಹತ್ತಲು ಬರುವವರನ್ನು ಗುಡ್ಡದ ಬುಡದವರೆಗೆ ಬಿಡುತ್ತಾರೆ. ಒಟ್ಟಿನಲ್ಲಿ ಜೀಪು ನಿಂತರೆ ನಮ್ಮ ಮನೆಯ ಒಲೆ ಅರ್ಧ ಆರಿದ ಹಾಗೆ.

ನಾನು ಯಾವಾಗಲೂ ಮುಂದಿನ ಸೀಟಿನ ಎಡಗಡೆ ಕೂರುವುದು. ಜೂನ್ ಕೊನೆಗೆ ನನ್ನ ಕಾಲಿನ ಕೆಳಗಿನಿಂದ ಟಕ್ ಟಕ್ ಎಂದು ಒಂದು ಸದ್ದು ಕೇಳಿಸತೊಡಗಿತು. ಸಮ ದಾರಿಯಲ್ಲಿ ಇಲ್ಲ. ಹೊಂಡಕ್ಕೆ ಇಳಿದಾಗ ಒಂದು ಟಕ್, ಹತ್ತಿದಾಗ ಇನ್ನೊಂದು ಟಕ್. ಅಪ್ಪನಿಗೆ ಹೇಳಿದೆ. "ಹಳೇ ಗಾಡಿ ಅಲ್ವಾ ಪುಟ್ಟಿ, ಎಲ್ಲಾ ಕಡೆ ಸದ್ದು ಬರ್ತದೆ. ಸೀಸನ್ ಮುಗೀಲಿ, ನೋಡಿಸುವ" ಎಂದರು. ಜುಲೈ ಎರಡನೇ ವಾರ ಮಳೆ ಜೋರಾಯಿತು. ಆಗ ವಿಚಿತ್ರ ಎಂಬಂತೆ ಆ ಸದ್ದು ತಾನಾಗಿಯೇ ನಿಂತುಹೋಯಿತು. ಅಪ್ಪ, "ನೋಡಿದ್ಯಾ, ತನ್ನಷ್ಟಕ್ಕೇ ಸರಿಯಾಯ್ತು" ಎಂದು ನಕ್ಕರು. ನಾನೂ ನಕ್ಕೆ. ನಮ್ಮ ತಪ್ಪು ಅಲ್ಲೇ ಆದದ್ದು.

ಒಂದು ಶುಕ್ರವಾರ ಸಂಜೆ ಪಂಕ್ಚರ್ ಹಾಕಿಸಲು ಗ್ಯಾರೇಜಿಗೆ ಹೋದೆವು. ನಾನು ಶಾಲೆಯಿಂದ ಬರುವಾಗ ಜೊತೆಯಲ್ಲೇ ಇದ್ದೆ. ಗ್ಯಾರೇಜಿನ ಮೇಸ್ತ್ರಿ ಮಾಮ ವಯಸ್ಸಾದವರು, ಅಪ್ಪನಿಗೆ ಡ್ರೈವಿಂಗ್ ಕಲಿಸಿದವರು. ನಾನು ಸುಮ್ಮನೆ ಮಾತಿಗೆ, "ಮಾಮ, ಮೊದ್ಲು ಟಕ್ ಟಕ್ ಅಂತಿತ್ತು, ಈಗ ನಿಂತಿದೆ" ಎಂದೆ. ಅವರು ಕೈಯಲ್ಲಿದ್ದ ಪಾನ ಕೆಳಗಿಟ್ಟರು.

"ನಿಂತಿದೆ ಅಂದ್ರೆ ಎಂತ? ಯಾರಾದ್ರೂ ರಿಪೇರಿ ಮಾಡಿದ್ರಾ?"

"ಇಲ್ಲ."

"ಹಾಗಾದ್ರೆ ಕೆಸರು ತುಂಬಿ ಸದ್ದು ಅಡಗಿದೆ ಅಷ್ಟೆ. ಸದ್ದು ನಿಂತದ್ದು ಅಂದ್ರೆ ವಾಸಿ ಆದದ್ದು ಅಂತ ಅಲ್ಲ ಮಗಳೇ."

ಮೊದಲು ಅವರು ಮಾಡಿದ ಕೆಲಸ ಎಂದರೆ ಎಡಗಡೆ ಮುಂದಿನ ಚಕ್ರದ ಹಿಂದೆ ಅಂಟಿದ್ದ ಕೆಸರನ್ನು ಕಡ್ಡಿಯಿಂದ ಕೆರೆದು ತೊಳೆದದ್ದು. ಕೆಸರಿನ ಅಡಿಯಲ್ಲಿ ಏನಿದೆ ಎಂದು ನಾನು ಅವತ್ತೇ ಮೊದಲು ನೋಡಿದ್ದು. ಅದನ್ನು ನಿಮಗೆ ಸ್ವಲ್ಪ ವಿವರಿಸಬೇಕು.

ಜೀಪು ಎಂಬ ಗಾಡಿ ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೈನ್ಯಕ್ಕಾಗಿ ಹುಟ್ಟಿದ್ದು. ವಿಲ್ಲೀಸ್ ಕಂಪನಿಯ ಪ್ರಸಿದ್ಧ ಜೀಪು 1941ರಿಂದ ತಯಾರಾಯಿತು. ನಮ್ಮ ದೇಶದಲ್ಲಿ ಅದನ್ನು ಜೋಡಿಸಲು ಮಹೀಂದ್ರದವರು 1940ರ ದಶಕದ ಕೊನೆಯಲ್ಲಿ ಶುರು ಮಾಡಿದರು. ಅಜ್ಜನ ಕಾಲದ ಎಸ್ಟೇಟ್ ಜೀಪುಗಳು ಅದೇ ವಂಶದವು. ಅವುಗಳಲ್ಲಿ ಮುಂದಿನ ಎರಡು ಚಕ್ರಕ್ಕೂ ಸೇರಿ ಒಂದೇ ಗಟ್ಟಿ ಆಕ್ಸಲ್, ಅದರ ಜೊತೆಗೆ ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪ್ಲೇಟುಗಳು. ಒಂದು ಚಕ್ರ ಕಲ್ಲು ಹತ್ತಿದರೆ ಇನ್ನೊಂದೂ ಓರೆಯಾಗುತ್ತದೆ, ಒಳಗೆ ಕೂತವರ ಸೊಂಟ ಮುರಿಯುತ್ತದೆ. ನಮ್ಮ ಜೀಪು ಆಮೇಲಿನ ಕಾಲದ್ದು. ಇದರಲ್ಲಿ ಮುಂದಿನ ಒಂದೊಂದು ಚಕ್ರಕ್ಕೂ ಅದರದೇ ಎರಡೆರಡು ತೋಳು. ಮೇಲಿನದು ಅಪ್ಪರ್ ಆರ್ಮ್, ಕೆಳಗಿನದು ಲೋವರ್ ಆರ್ಮ್. ಹಾಗಾಗಿ ಒಂದು ಚಕ್ರ ಹೊಂಡಕ್ಕೆ ಇಳಿದರೂ ಇನ್ನೊಂದು ತನ್ನ ಪಾಡಿಗೆ ಇರುತ್ತದೆ.

ತೋಳು ಎಂದ ಮೇಲೆ ಕೀಲು ಇರಲೇಬೇಕಲ್ಲ. ತೋಳಿನ ಒಳತುದಿ ಚಾಸಿಗೆ ಸೇರುವಲ್ಲಿ ರಬ್ಬರಿನ ಬುಷ್ ಇದೆ. ಅದು ಬಾಗಿಲಿನ ತಿರುಗಣಿಯ ಹಾಗೆ, ತೋಳು ಮೇಲೆ ಕೆಳಗೆ ಆಡಲು ಬಿಡುತ್ತದೆ. ಹೊರತುದಿ ಚಕ್ರಕ್ಕೆ ಸೇರುವಲ್ಲಿ ಬಾಲ್ ಜಾಯಿಂಟ್ ಇದೆ. ನಮ್ಮ ವಿಜ್ಞಾನ ಪಾಠದಲ್ಲಿ ಸೊಂಟದ ಕೀಲು ಬರುತ್ತದಲ್ಲ, ತೊಡೆಮೂಳೆಯ ಚೆಂಡಿನಂಥ ತುದಿ ಒಂದು ಗುಳಿಯೊಳಗೆ ಕುಳಿತು ಎಲ್ಲ ಕಡೆಗೂ ತಿರುಗುವುದು, ಇದು ಥೇಟ್ ಅದೇ. ಉಕ್ಕಿನ ಗುಂಡು, ಉಕ್ಕಿನ ಬಟ್ಟಲು, ನಡುವೆ ಗ್ರೀಸು. ಚಕ್ರ ಮೇಲೆ ಕೆಳಗೆ ಆಡಬೇಕು, ಸ್ಟಿಯರಿಂಗ್ ತಿರುಗಿಸಿದಾಗ ಎಡಕ್ಕೆ ಬಲಕ್ಕೂ ತಿರುಗಬೇಕು, ಅದಕ್ಕೇ ಗುಂಡು. ಅದರ ಮೇಲೆ ಕೆಸರು ನೀರು ಒಳಗೆ ಹೋಗದ ಹಾಗೆ ಒಂದು ಚಿಕ್ಕ ರಬ್ಬರ್ ಟೋಪಿ. ಅಷ್ಟೂ ಭಾರ ಹೊರುವ ಕೀಲನ್ನು ಕಾಯುವುದು ಆ ಟೋಪಿ ಒಂದೇ.

ನಮ್ಮ ಜೀಪಿನ ಆ ಟೋಪಿ ಹರಿದಿತ್ತು. ಹರಿದದ್ದು ನನ್ನ ಕಿರುಬೆರಳಿನ ಉಗುರಿನಷ್ಟು. ಮೇಸ್ತ್ರಿ ಮಾಮ ಒತ್ತಿದಾಗ ಗ್ರೀಸು ಬರಲಿಲ್ಲ, ಕೆಂಪು ನೀರು ಬಂತು. "ಹಳ್ಳ ದಾಟುವಾಗ ಪ್ರತೀ ಸಲ ನೀರು ಕುಡಿದಿದೆ ಇದು. ನೀರಿನ ಜೊತೆ ಮರಳೂ ಹೋಗಿದೆ. ಒಳಗೆ ಒಳ್ಳೆ ಅರೆಯೋ ಕಲ್ಲು ಆಗಿದೆ" ಎಂದರು.

ಆಮೇಲೆ ಪರೀಕ್ಷೆ. ಸಮ ನೆಲದಲ್ಲಿ ಗಾಡಿ ನಿಲ್ಲಿಸಿ, ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಜಾಕಿಯನ್ನು ಚಾಸಿಯ ಕೆಳಗೆ ಇಡದೆ ಲೋವರ್ ಆರ್ಮಿನ ಅಡಿಗೇ ಇಟ್ಟು ಎತ್ತಿದರು. ಯಾಕೆ ಎಂದು ಕೇಳಿದೆ. ನಮ್ಮ ಗಾಡಿಯಲ್ಲಿ ಸ್ಪ್ರಿಂಗಿನ ಕೆಲಸ ಮಾಡುವ ಉದ್ದ ಸಲಾಕೆಯೊಂದು ಲೋವರ್ ಆರ್ಮನ್ನು ಕೆಳಕ್ಕೆ ಒತ್ತಿಕೊಂಡಿರುತ್ತದಂತೆ. ಟಾರ್ಷನ್ ಬಾರ್ ಎಂದು ಅದಕ್ಕೆ ಹೆಸರು. ಚಾಸಿ ಎತ್ತಿದರೆ ಆ ಒತ್ತಡದಲ್ಲಿ ಕೀಲು ಬಿಗಿಯಾಗೇ ಇದ್ದು, ಸವೆದದ್ದು ಗೊತ್ತೇ ಆಗುವುದಿಲ್ಲ. ಆರ್ಮನ್ನೇ ಎತ್ತಿದರೆ ಒತ್ತಡವನ್ನು ಜಾಕಿ ಹೊರುತ್ತದೆ, ಕೀಲು ಸಡಿಲಾಗಿ ನಿಜ ಹೇಳುತ್ತದೆ. ಎತ್ತಿದ ಮೇಲೆ ಚಾಸಿಯ ಕೆಳಗೆ ದಪ್ಪ ಮರದ ತುಂಡು ಕೊಟ್ಟರು. "ಬರೀ ಜಾಕಿ ನಂಬಿ ಯಾವತ್ತೂ ಗಾಡಿ ಅಡಿಗೆ ಹೋಗ್ಬಾರ್ದು" ಎಂದು ನನ್ನ ಕಡೆ ನೋಡಿ ಎರಡು ಸಲ ಹೇಳಿದರು.

ಚಕ್ರದ ಮೇಲ್ಭಾಗ ಒಂದು ಕೈ, ಕೆಳಭಾಗ ಒಂದು ಕೈ ಹಿಡಿದು ಅಲ್ಲಾಡಿಸಿದರು. ಕಟಕ್ ಎಂದಿತು. ಅಪ್ಪ, "ಬೇರಿಂಗ್ ಇರ್ಬೇಕು ಮೇಸ್ತ್ರಿ" ಎಂದರು. ಬೇರಿಂಗ್ ಆದರೆ ಖರ್ಚು ಸ್ವಲ್ಪ ಕಡಿಮೆ ಎಂದು ಅಪ್ಪನ ಆಸೆ. ಮೇಸ್ತ್ರಿ ಮಾಮ ನನ್ನನ್ನು ಡ್ರೈವರ್ ಸೀಟಿಗೆ ಹತ್ತಿಸಿ, "ಬ್ರೇಕ್ ಒತ್ತಿ ಹಿಡ್ಕೋ ಪುಟ್ಟಿ" ಎಂದರು. ಬ್ರೇಕ್ ಒತ್ತಿದರೆ ಚಕ್ರವೂ ಅದರ ಹಿಂದಿನ ಭಾಗವೂ ಒಂದೇ ಆಗುತ್ತವೆ. ಆಗ ಅಲುಗಾಟ ನಿಂತರೆ ಬೇರಿಂಗು ಸವೆದಿದೆ ಎಂದರ್ಥ, ನಿಲ್ಲದಿದ್ದರೆ ಕೀಲು. ನಾನು ಎರಡೂ ಕಾಲಿನಿಂದ ಒತ್ತಿದೆ. ಮನಸ್ಸಿನಲ್ಲಿ ದೇವರೇ ನಿಲ್ಲಲಿ ಎಂದುಕೊಂಡೆ. ಕಟಕ್ ಎಂದು ಮತ್ತೆ ಕೇಳಿಸಿತು.

ಆಮೇಲೆ ಟಯರಿನ ಅಡಿಗೆ ಹಾರೆ ಕೊಟ್ಟು ಮೇಲಕ್ಕೆ ಮೀಟಿದರು. ಕೆಳಗಿನ ಬಾಲ್ ಜಾಯಿಂಟು ಬಟ್ಟಲಿನೊಳಗಿಂದ ಎದ್ದು ಕೂತದ್ದು ಕಣ್ಣಿಗೇ ಕಂಡಿತು. ನನ್ನ ಜಾಮಿಟ್ರಿ ಬಾಕ್ಸಿನ ಸ್ಕೇಲು ಹಿಡಿದು ನೋಡಿದೆವು, ಸುಮಾರು 3 ಮಿ.ಮೀ. ಅಷ್ಟೇನಾ ಎನ್ನಬೇಡಿ. ನಾನೂ ಹಾಗೇ ಅಂದೆ. ಅದಕ್ಕೆ ಮೇಸ್ತ್ರಿ ಮಾಮ, "ಅಲ್ಲಿ 3 ಮಿ.ಮೀ. ಅಂದ್ರೆ ಗುಂಡು ಬಟ್ಲು ಬಿಟ್ಟು ಹೊರಗೆ ಬರೋಕೆ ದಾರಿ ಹುಡುಕ್ತಾ ಉಂಟು ಅಂತ. ಗುಂಡು ಕಳಚಿದ್ರೆ ಚಕ್ರ ಗಾಡಿ ಅಡಿಗೆ ಮಡಚಿಕೊಳ್ತದೆ. ಸ್ಟಿಯರಿಂಗ್ ಹಿಡಿದ್ರೂ ಒಂದೇ ಬಿಟ್ರೂ ಒಂದೇ. ಬ್ರೇಕ್ ಪೈಪೂ ಹರಿದು ಹೋಗ್ಬಹುದು" ಎಂದರು. ಅವರು ಜೋರಾಗಿ ಏನೂ ಹೇಳಲಿಲ್ಲ. ಅಪ್ಪ ಮಾತ್ರ ಅಲ್ಲೇ ಇದ್ದ ಹಳೆ ಟಯರಿನ ಮೇಲೆ ಕುಳಿತುಬಿಟ್ಟರು. ಅವತ್ತು ಬೆಳಿಗ್ಗೆ ಎರಡನೇ ಹಳ್ಳದ ಇಳಿಜಾರಿನಲ್ಲಿ ನಾವು ಏಳು ಜನ ಹಾಡು ಹೇಳುತ್ತಾ ಬಂದಿದ್ದೆವು. ನಿಮಗೆ ನೆನಪಿರಬಹುದು.

ಬುಷ್‌ಗಳ ಗತಿಯೂ ಅದೇ. ತೋಳಿಗೂ ಚಾಸಿಗೂ ನಡುವೆ ಹಾರೆ ತುದಿ ಕೊಟ್ಟು ಮೀಟಿದರೆ ರಬ್ಬರು ಸುತ್ತಲೂ ಸೀಳು ಬಿಟ್ಟಿತ್ತು. ಇವನ್ನು ಹಿಂದಿನ ವರ್ಷವಷ್ಟೇ ಬೇರೆ ಕಡೆ ಹೊಸದು ಹಾಕಿಸಿದ್ದೆವು. ಅಲ್ಲಿ ಆದ ತಪ್ಪೇನೆಂದರೆ, ಗಾಡಿ ಎತ್ತಿ ಚಕ್ರ ನೇತಾಡುತ್ತಿರುವಾಗಲೇ ಬೋಲ್ಟು ಪೂರ್ತಿ ಬಿಗಿದದ್ದು ಎಂದು ಮೇಸ್ತ್ರಿ ಮಾಮ ಊಹಿಸಿದರು. ಈ ಬುಷ್ ಉಜ್ಜಿ ತಿರುಗುವುದಲ್ಲ, ರಬ್ಬರೇ ತಿರುಚಿ ತಿರುಚಿ ಕೆಲಸ ಮಾಡುವುದು. ನೇತಾಡುವಾಗ ಬಿಗಿದರೆ, ಚಕ್ರ ನೆಲ ಮುಟ್ಟಿದ ಕ್ಷಣದಿಂದ ರಬ್ಬರು ಯಾವಾಗಲೂ ತಿರುಚಿಕೊಂಡೇ ಇರುತ್ತದೆ. ಹೊಂಡ ಬಂದಾಗ ಇನ್ನೂ ತಿರುಚಿ ಹರಿಯುತ್ತದೆ. ಕತ್ತು ಓರೆ ಮಾಡಿ ಮಲಗಿದವರಿಗೆ ಬೆಳಿಗ್ಗೆ ಕತ್ತು ಹಿಡಿದ ಹಾಗೆ.

ಅಪ್ಪ ಸ್ವಲ್ಪ ಹೊತ್ತಿನ ಮೇಲೆ ಮೆಲ್ಲಗೆ ಕೇಳಿದರು. "ನಾಳೆ ನಾಡಿದ್ದು ಎರಡು ಟ್ರಿಪ್ ಒಪ್ಪಿಕೊಂಡಿದ್ದೇನೆ. ಅದೊಂದು ಮುಗಿಸಿ ಸೋಮವಾರ ಬಿಡ್ಲಾ? ಇಲ್ಲಾಂದ್ರೆ ಆ ಬಟ್ಲು ಕಾಯಿಸಿ ಹೊಡೆದು ಟೈಟ್ ಮಾಡಿದ್ರೆ, ಇಲ್ಲ ಒಂದು ವೆಲ್ಡಿಂಗ್ ಮುಟ್ಟಿಸಿದ್ರೆ?" ಮೇಸ್ತ್ರಿ ಮಾಮ ಸಿಟ್ಟಾಗಲಿಲ್ಲ. "ಹಾಗೆ ಮಾಡಿ ಕೊಡೋರು ಇದ್ದಾರೆ ಮಾರಾಯ. ಕಾಯಿಸಿದ್ರೆ ಉಕ್ಕಿನ ಹದ ಹೋಗ್ತದೆ, ಒಳಗಿನ ಪದರ ಸುಟ್ಟು ಹೋಗ್ತದೆ. ಸದ್ದು ನಿಲ್ತದೆ, ಒಂದು ತಿಂಗಳು ಓಡ್ತದೆ, ಆಮೇಲೆ ಹೇಳದೆ ಕೇಳದೆ ಹೋಗ್ತದೆ. ನಾನು ಮಾಡಿ ಕೊಡಲ್ಲ. ನೀನು ಗಾಡಿ ತಗೊಂಡು ಹೋಗೋದಾದ್ರೆ ಈ ಹುಡುಗೀನ ಇಲ್ಲೇ ಬಿಟ್ಟು ಹೋಗು, ನಾನು ಬಸ್ಸಿಗೆ ಹತ್ತಿಸ್ತೇನೆ" ಎಂದರು. ಅಪ್ಪ ಕೀಲಿಕೈ ತೆಗೆದು ಅವರ ಕೈಗೆ ಕೊಟ್ಟರು.

ಮನೆಗೆ ಬಸ್ಸಿನಲ್ಲಿ ಬಂದು, ಉಳಿದದ್ದು ನಡೆದೆವು. ರಾತ್ರಿ ಹಣದ ಮಾತು. ಕೈಯಲ್ಲಿ ಇದ್ದದ್ದು ಅಡಿಕೆಗೆ ಎರಡನೇ ಸಲ ಬೋರ್ಡೋ ದ್ರಾವಣ ಹೊಡೆಸಲು ಇಟ್ಟ ಹಣ ಮಾತ್ರ. ಈ ಮಳೆಗೆ ಔಷಧಿ ತಡವಾದರೆ ಕೊಳೆ ರೋಗ ಬರುತ್ತದೆ ಎಂದು ನಮ್ಮ ಕಡೆ ಸಣ್ಣ ಮಕ್ಕಳಿಗೂ ಗೊತ್ತು. ಅಪ್ಪ ಗೋಡೆಗೆ ಒರಗಿ ಕೂತಿದ್ದರು. ಅಮ್ಮ ಡಬ್ಬಿ ತಂದು ಮುಂದಿಟ್ಟು, "ಕೊಳೆ ಬಂದ್ರೆ ನಾಲ್ಕು ಗೊನೆ ಉದುರ್ತದೆ. ಊರಿನ ಮಕ್ಕಳನ್ನ ಕೂರಿಸಿಕೊಂಡು ಹೋಗೋ ಗಾಡಿ ಅದು" ಎಂದಷ್ಟೇ ಹೇಳಿದರು. ನಾನು ಲೆಕ್ಕದ ಪುಸ್ತಕ ಮುಖಕ್ಕೆ ಹಿಡಿದುಕೊಂಡೆ.

ಶನಿವಾರ ಶಾಲೆ ಬಿಟ್ಟ ಮೇಲೆ ಮಧ್ಯಾಹ್ನವೂ ಭಾನುವಾರ ಪೂರ್ತಿಯೂ ನಾನು ಗ್ಯಾರೇಜಿನಲ್ಲಿದ್ದೆ. ಸಾಮಾನು ತೆಗೆದುಕೊಡುವ ಕೆಲಸ ನನ್ನದು. ಮೊದಲು ಟಾರ್ಷನ್ ಬಾರಿನ ಬೋಲ್ಟಿನಲ್ಲಿ ಎಷ್ಟು ಸುತ್ತು ಮರೆ ಹೊರಗೆ ಕಾಣುತ್ತದೆ ಎಂದು ಎಣಿಸಿ, ಬಣ್ಣದಿಂದ ಗುರುತು ಹಾಕಿದರು. ವಾಪಸ್ ಅಲ್ಲಿಗೇ ಬಿಗಿದರೆ ಗಾಡಿಯ ಎತ್ತರ ಹೆಚ್ಚು ಕಡಿಮೆ ಆಗುವುದಿಲ್ಲ. ಆ ಎಣಿಕೆ ನನ್ನ ನೋಟ್ ಪುಸ್ತಕದಲ್ಲಿ ಬರೆದಿಟ್ಟುಕೊಂಡೆ. ಆಮೇಲೆ ಬಾರಿನ ಒತ್ತಡ ಮೆಲ್ಲಗೆ ಬಿಟ್ಟರು. ಅದನ್ನು ಬಿಡದೆ ತೋಳು ಬಿಚ್ಚಿದರೆ ತೋಳು ಸಿಡಿದು ಮನುಷ್ಯನ ಕೈಕಾಲು ಮುರಿಯಬಹುದಂತೆ.

ಬಾಲ್ ಜಾಯಿಂಟಿನ ಕಡ್ಡಿ ಬುಡದಿಂದ ತುದಿಗೆ ಸಪುರಾಗುತ್ತಾ ಹೋಗುತ್ತದೆ, ಬಾಟಲಿಗೆ ಬಿರಡೆ ಕೂತ ಹಾಗೆ ಬಿಗಿಯಾಗಿ ಕೂತಿರುತ್ತದೆ. ನಟ್ ತೆಗೆದರೂ ಬರುವುದಿಲ್ಲ. ನಾನು ತುದಿಗೆ ಹೊಡೆಯುತ್ತಾರೇನೋ ಎಂದುಕೊಂಡೆ. ಅವರು ಕಡ್ಡಿಯನ್ನು ಮುಟ್ಟಲೇ ಇಲ್ಲ. ಅದು ಕೂತಿದ್ದ ಉಕ್ಕಿನ ಕಣ್ಣಿನ ಒಂದು ಪಕ್ಕಕ್ಕೆ ದೊಡ್ಡ ಸುತ್ತಿಗೆ ಆನಿಸಿ ಹಿಡಿದು, ಇನ್ನೊಂದು ಪಕ್ಕಕ್ಕೆ ಸುತ್ತಿಗೆಯಿಂದ ನಾಲ್ಕು ಏಟು ಕೊಟ್ಟರು. ಟಣ್ ಎಂದು ಬಿಟ್ಟುಕೊಂಡಿತು. ಕೆಳಗಿನ ಜಾಯಿಂಟು ಮತ್ತು ಬುಷ್‌ಗಳನ್ನು ತೋಳಿನಿಂದ ಹೊರಗೆ ಒತ್ತಲು ಲೇಥ್ ಅಂಗಡಿಯ ಪ್ರೆಸ್ಸಿಗೆ ಒಯ್ದೆವು. ಖಾಲಿ ತೋಳನ್ನು ಡೀಸೆಲಿನಲ್ಲಿ ತೊಳೆದು, ಎಲ್ಲಾದರೂ ಸೀಳು ಇದೆಯೇ, ಬಾಗಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿದರು. ತೋಳು ಚೆನ್ನಾಗಿತ್ತು. ಅದು ನಮ್ಮ ಪುಣ್ಯ. ತೋಳೇ ಹೋಗಿದ್ದರೆ ಖರ್ಚು ಇನ್ನೂ ಏರುತ್ತಿತ್ತು.

ಹೊಸದನ್ನು ಕೂರಿಸುವಾಗ ಮೇಸ್ತ್ರಿ ಮಾಮ ಹೇಳಿದ ಮೂರು ಮಾತು ಬರೆದುಕೊಂಡಿದ್ದೇನೆ. ಒಂದು, ಕಡ್ಡಿ ಕೂರುವ ಕಣ್ಣು ಒಣಗಿ ಸ್ವಚ್ಛವಾಗಿರಬೇಕು, ಅಲ್ಲಿಗೆ ಗ್ರೀಸು ಹಚ್ಚಬಾರದು. ಗ್ರೀಸು ಇರಬೇಕಾದದ್ದು ಗುಂಡಿನ ಹತ್ತಿರ. ಎರಡು, ನಟ್ ಬಿಗಿದ ಮೇಲೆ ಸ್ಪ್ಲಿಟ್ ಪಿನ್ನಿನ ತೂತು ಸರಿಯಾಗಿ ಎದುರಿಗೆ ಬರದಿದ್ದರೆ ಇನ್ನೂ ಸ್ವಲ್ಪ ಬಿಗಿಯಬೇಕೇ ಹೊರತು ಸಡಿಲ ಮಾಡಬಾರದು. ಪಿನ್ನು ಹೊಸದೇ ಆಗಬೇಕು. ಎರಡು ರೂಪಾಯಿ ಉಳಿಸಲು ಹಳೆಯದನ್ನೇ ನೆಟ್ಟಗೆ ಮಾಡಿ ಹಾಕುವುದು ಕೆಟ್ಟ ಬುದ್ಧಿ. ಮೂರು, ಬುಷ್ ಬೋಲ್ಟುಗಳನ್ನು ಕೊನೆಗೆ, ಗಾಡಿ ನೆಲಕ್ಕೆ ಇಳಿದ ಮೇಲೆ ಬಿಗಿಯಬೇಕು. ಅದಕ್ಕೆ ಚಕ್ರ ಹಾಕಿ ಇಳಿಸಿ, ಅಪ್ಪನೂ ನಾನೂ ಮುಂದಿನ ಬಂಪರಿನ ಮೇಲೆ ನಿಂತು ನಾಲ್ಕು ಸಲ ಕುಣಿದೆವು. ಗಾಡಿ ತನ್ನ ಎತ್ತರಕ್ಕೆ ಬಂದು ಕೂತಿತು. ಆಮೇಲೆ ಅವರು ಕೆಳಗೆ ಹೋಗಿ ಬಿಗಿದರು. ಎರಡು ದಿನದಲ್ಲಿ ಅಪ್ಪ ನಕ್ಕದ್ದು ಆಗ ಒಂದೇ ಸಲ.

ಸೋಮವಾರವೂ ಮಂಗಳವಾರವೂ ನೀವು ನಡೆದು ಬಂದಿರಿ. ಬಲಗಡೆಯ ಕೆಳಗಿನ ಜಾಯಿಂಟಿಗೂ ಆಟ ಶುರುವಾಗಿತ್ತು. ಆ ಸಾಮಾನು ಬರುವುದು ಸೋಮವಾರ ಸಂಜೆಯಾಯಿತು. ಮಂಗಳವಾರ ಅದನ್ನೂ ಹಾಕಿಸಿ, ಪೇಟೆಗೆ ಹೋಗಿ ಚಕ್ರಗಳ ಅಲೈನ್‌ಮೆಂಟ್ ಮಾಡಿಸಿದರು. ತೋಳು ಬಿಚ್ಚಿದ ಮೇಲೆ ಚಕ್ರದ ಓರೆ ಬದಲಾಗಿರುತ್ತದೆ, ಹಾಗೇ ಓಡಿಸಿದರೆ ಹೊಸ ಟಯರೂ ಒಂದು ಪಕ್ಕ ಸವೆಯುತ್ತದೆ. ಲೆಕ್ಕ ಹೀಗಾಯಿತು: ಕೆಳಗಿನ ಜಾಯಿಂಟು ಎರಡು, 1,900 ರೂಪಾಯಿ. ಮೇಲಿನದು ಒಂದು, 850. ಬುಷ್ ನಾಲ್ಕು, 880. ಕೂಲಿ ಮತ್ತು ಪ್ರೆಸ್ಸು 2,200. ಅಲೈನ್‌ಮೆಂಟ್ 500. ಒಟ್ಟು 6,330 ರೂಪಾಯಿ. ಬಿಟ್ಟ ಟ್ರಿಪ್ಪುಗಳ ಹಣ ಬೇರೆ. ಔಷಧಿ ಹನ್ನೆರಡು ದಿನ ತಡವಾಗಿ ಹೊಡೆಸಿದೆವು. ಕೆಳಗಿನ ಸಾಲಿನಲ್ಲಿ ಕೊಳೆ ಬಂದು ಕಾಯಿ ಉದುರಿದ್ದು ನಿಜ. ಅಮ್ಮ ಅದನ್ನು ಹೆಕ್ಕಿ ಬುಟ್ಟಿಗೆ ಹಾಕುವಾಗ ಒಂದು ಮಾತೂ ಆಡಲಿಲ್ಲ.

ಕೊನೆಯ ದಿನ ಮೇಸ್ತ್ರಿ ಮಾಮ ಹಳೆಯ ಜಾಯಿಂಟನ್ನು ಗರಗಸದಿಂದ ಎರಡು ಹೋಳು ಮಾಡಿ ನನಗೆ ಕೊಟ್ಟರು. ಗುಂಡು ಗುಂಡಗೆ ಇರಲಿಲ್ಲ, ಒಂದು ಕಡೆ ಸವೆದು ಮೊಟ್ಟೆಯ ಹಾಗಾಗಿತ್ತು. ಬಟ್ಟಲಿನ ಅಂಚು ತೆಳ್ಳಗಾಗಿತ್ತು. ಒಳಗೆ ಗ್ರೀಸಿನ ಬದಲು ತುಕ್ಕು ಮತ್ತು ನಮ್ಮ ಹಳ್ಳದ ಮರಳು. ಅದನ್ನು ವಿಜ್ಞಾನದ ಟೀಚರಿಗೆ ಕೊಟ್ಟಿದ್ದೇನೆ, ಅವರ ಮೇಜಿನ ಮೇಲಿದೆ. ದಯವಿಟ್ಟು ಎಲ್ಲರೂ ಒಮ್ಮೆ ನೋಡಿ. ಅಂಚನ್ನು ಬೆರಳಿನಿಂದ ಮುಟ್ಟಿ ನೋಡಿ. ಅವತ್ತು ಶುಕ್ರವಾರ ನಾವೆಲ್ಲ ಆ ಅಂಚಿನ ಮೇಲೆ ಕೂತು ಶಾಲೆಗೆ ಬಂದಿದ್ದೆವು.

ನಿಮ್ಮ ಮನೆಯಲ್ಲೂ ಜೀಪು, ಪಿಕಪ್ ಇರಬಹುದು. ಈ ಲೇಖನ ಓದಿ ನೀವೇ ಬಿಚ್ಚಲು ಹೋಗಬೇಡಿ, ಅದು ಕಲಿತವರ ಕೆಲಸ. ಆದರೆ ನೋಡುವ ಕೆಲಸ ನಮ್ಮದೂ ಹೌದು. ತಿಂಗಳಿಗೊಮ್ಮೆ, ಹಳ್ಳ ದಾಟುವ ಮಳೆಗಾಲದಲ್ಲಿ ವಾರಕ್ಕೊಮ್ಮೆ, ಗಾಡಿ ನಿಂತಿರುವಾಗ ಚಕ್ರದ ಹಿಂದಿನ ಕೆಸರು ತೊಳೆದು ಆ ರಬ್ಬರ್ ಟೋಪಿ ಹರಿದಿದೆಯಾ ನೋಡಿ. ಟಯರು ಒಂದೇ ಪಕ್ಕ ಸವೆದಿದೆಯಾ ನೋಡಿ. ಹೊಂಡದಲ್ಲಿ ಸದ್ದು ಬಂದರೆ ಅಪ್ಪನಿಗೆ ಹೇಳಿ. ಸದ್ದು ತಾನಾಗಿಯೇ ನಿಂತರೆ ಇನ್ನೂ ಜೋರಾಗಿ ಹೇಳಿ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಯಾಕೆ ಎಂದು ಗಾದೆ ಇದೆ. ನಮ್ಮದು ಉಗುರಿನಷ್ಟೇ ಹರಿದ ರಬ್ಬರಿನಿಂದ ಶುರುವಾದದ್ದು. ಆಗಲೇ ನೋಡಿದ್ದರೆ ಒಂದು ಟೋಪಿಯಲ್ಲಿ ಮುಗಿಯುತ್ತಿತ್ತು.

ಎರಡು ದಿನ ಮಳೆಯಲ್ಲಿ ನಡೆಸಿದ್ದಕ್ಕೆ ನಮ್ಮ ಮನೆಯವರ ಪರವಾಗಿ ಕ್ಷಮೆ ಕೇಳುತ್ತೇನೆ. ಎರಡನೇ ತರಗತಿಯ ನನ್ನ ತಮ್ಮ ಆ ದಿನ ಬೂಟು ಒದ್ದೆ ಮಾಡಿಕೊಂಡು ಅತ್ತದ್ದನ್ನು ನೀವೆಲ್ಲ ನೋಡಿದ್ದೀರಿ. ಅಪ್ಪ ಈಗ ಪ್ರತಿ ಭಾನುವಾರ ಚಕ್ರದ ಹಿಂದೆ ತೊಳೆಯುತ್ತಾರೆ. ಟಾರ್ಚು ಹಿಡಿಯುವುದು ನಾನು. ಬರೆದದ್ದರಲ್ಲಿ ತಪ್ಪಿದ್ದರೆ ತಿಳಿಸಿ, ತಿದ್ದಿಕೊಳ್ಳುತ್ತೇನೆ.

— ಹತ್ತನೇ ತರಗತಿಯ ಒಬ್ಬ ವಿದ್ಯಾರ್ಥಿನಿ